‘ಸದ್ಯಕ್ಕೆ’ ಎಂದು ಬರೆದ ಚಾರ್ಟು

1956ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಎಂಬ ಸರ್ಕಾರಿ ಪ್ರಯೋಗಾಲಯದಿಂದ ಒಂದು ವರದಿ ಹೊರಬಂತು. ಸಂಖ್ಯೆ 4283. ಬರೆದವರು ಡಿ. ಎಸ್. ಹಾಯ್ನ್ಸ್, ಬರೆಸಿದ್ದು ಅಲ್ಲಿನ ನೌಕಾಪಡೆಯ ಹಡಗು ವಿಭಾಗ. ತಾಮ್ರದ ತೆಳು ಹಾಳೆಯನ್ನು ವಿದ್ಯುತ್ ಹರಿಯದ ಹಲಗೆಗೆ ಅಂಟಿಸಿದರೆ ಆ ಜೋಡಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಅದರ ವಿಷಯ. ವರದಿಯಲ್ಲಿ ಒಂದು ಚಾರ್ಟ್ ಇತ್ತು. ಹಲಗೆಯ ಮೇಲಿನ ತಾಮ್ರದ ಗೆರೆ ಇಷ್ಟು ಅಗಲ, ಇಷ್ಟು ದಪ್ಪ ಇದ್ದು ಅದರಲ್ಲಿ ಇಷ್ಟು ಕರೆಂಟ್ ಹರಿದರೆ ಅದು ಎಷ್ಟು ಡಿಗ್ರಿ ಬಿಸಿಯಾಗುತ್ತದೆ ಎಂದು ಬೆರಳಿಟ್ಟು ಓದಿಕೊಳ್ಳಬಹುದಾದ ಚಾರ್ಟ್ ಅದು.

ಅದಕ್ಕೆ ವರದಿ ಕೊಟ್ಟ ವಿಶೇಷಣ ‘ಟೆಂಟೆಟಿವ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಸದ್ಯಕ್ಕೆ ಹೀಗೆ’. ಮಾಡಿದ ಪ್ರಯೋಗಗಳು ಸಾಲವು, ಇನ್ನಷ್ಟು ಮಾಡಿ ನೋಡಬೇಕು ಎಂಬ ಸೂಚನೆ ಆ ಒಂದು ಪದದಲ್ಲಿತ್ತು.

ಸದ್ಯಕ್ಕೆ ಎಂದು ಮಾಡಿದ ವ್ಯವಸ್ಥೆಗಳ ಆಯುಷ್ಯ ಎಷ್ಟು ಗಟ್ಟಿ ಎಂಬುದು ಬಾಡಿಗೆ ಮನೆಯಲ್ಲಿ ಇದ್ದವರಿಗೆಲ್ಲ ಗೊತ್ತು. ಸದ್ಯಕ್ಕೆ ಇರಲಿ ಎಂದು ಕಟ್ಟಿದ ಬಟ್ಟೆ ಒಣಗಿಸುವ ಹಗ್ಗ ಮನೆ ಬಿಡುವ ದಿನವೂ ಅಲ್ಲೇ ಇರುತ್ತದೆ. ಹಾಯ್ನ್ಸ್ ಅವರ ಚಾರ್ಟಿನ ಗತಿಯೂ ಹಾಗೇ ಆಯಿತು. ಅದು ವರದಿಯಿಂದ ಸೇನೆಯ ಮಾನದಂಡಕ್ಕೆ, ಅಲ್ಲಿಂದ ಉದ್ಯಮದ ಮಾನದಂಡಕ್ಕೆ, ಅಲ್ಲಿಂದ ಸೂತ್ರಕ್ಕೆ, ಸೂತ್ರದಿಂದ ಕ್ಯಾಲ್ಕ್ಯುಲೇಟರಿಗೆ ದಾಟಿತು. ಪ್ರತಿ ದಾಟಿನಲ್ಲೂ ಅಂಕಿಗಳು ಉಳಿದವು, ‘ಸದ್ಯಕ್ಕೆ’ ಎಂಬ ಪದ ಕಳಚಿಬಿತ್ತು. ಅದರ ಜಾಗಕ್ಕೆ ಕೂಲಂಕಷವಾಗಿ ಅಳೆದ ಹೊಸ ಮಾನದಂಡ ಬಂದದ್ದು 2009ರಲ್ಲಿ. ನಡುವೆ ಐವತ್ತಮೂರು ವರ್ಷ.

ಆ ಐವತ್ತಮೂರು ವರ್ಷಗಳಲ್ಲಿ ರೇಡಿಯೋ ಟ್ರಾನ್ಸಿಸ್ಟರಿಗೆ ಬಂತು, ಕಂಪ್ಯೂಟರು ಮೇಜಿನ ಮೇಲೆ ಬಂತು, ಮೊಬೈಲು ಜೇಬಿಗೆ ಬಂತು. ಇವೆಲ್ಲದರ ಹೊಟ್ಟೆಯಲ್ಲಿರುವ ಹಸಿರು ಹಲಗೆಯ ಮೇಲೆ ತಾಮ್ರದ ಗೆರೆಗಳನ್ನು ಎಷ್ಟು ಅಗಲ ಇಡಬೇಕು ಎಂದು ತೀರ್ಮಾನಿಸಿದವರು ಬಹುಪಾಲು ಆ ಹಳೆಯ ಚಾರ್ಟನ್ನೋ ಅದರ ಮಕ್ಕಳು ಮೊಮ್ಮಕ್ಕಳನ್ನೋ ನೋಡಿ ತೀರ್ಮಾನಿಸಿದರು. ಪುಣೆ, ಹೈದರಾಬಾದ್, ಬೆಂಗಳೂರು, ಚೆನ್ನೈಗಳಲ್ಲಿ ಬೋರ್ಡ್ ವಿನ್ಯಾಸದ ಕೆಲಸ ಮಾಡುವ ನಿಮ್ಮಲ್ಲಿ ಕೆಲವರೂ ಅದನ್ನು ಬಳಸಿರುತ್ತೀರಿ. ಉಳಿದವರು ಬಳಸಿದ ಸಾಮಾನುಗಳು ಅದನ್ನು ನಂಬಿ ತಯಾರಾದವು.

ತಂತಿಯ ಲೆಕ್ಕ

ಪ್ರಶ್ನೆ ಬೋರ್ಡಿಗಿಂತ ಹಳೆಯದು. 1840ರ ಸುಮಾರಿಗೆ ಜೇಮ್ಸ್ ಜೂಲ್, ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ತೋರಿಸಿದ. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಆದರೆ ಎಷ್ಟು ಬಿಸಿ ಹುಟ್ಟುತ್ತದೆ ಎಂಬುದು ಲೆಕ್ಕದ ಅರ್ಧ ಮಾತ್ರ. ತಂತಿ ಎಷ್ಟು ಕಾಯುತ್ತದೆ ಎಂದು ಹೇಳಬೇಕಾದರೆ ಹುಟ್ಟಿದ ಬಿಸಿ ಯಾವ ದಾರಿಯಲ್ಲಿ, ಎಷ್ಟು ವೇಗವಾಗಿ ಹೊರಟುಹೋಗುತ್ತದೆ ಎಂಬುದು ಗೊತ್ತಿರಬೇಕು. ಆದಾಯ ಗೊತ್ತು, ಖರ್ಚು ಗೊತ್ತಿಲ್ಲ ಎಂದರೆ ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ಹೇಳಲಾಗದು; ಇದೂ ಅಷ್ಟೇ.

1880ರ ದಶಕದಲ್ಲಿ ಬ್ರಿಟಿಷ್ ಅಂಚೆ ಇಲಾಖೆಯ ವಿದ್ಯುತ್ ತಜ್ಞ ವಿಲಿಯಂ ಪ್ರೀಸ್ ಈ ಎರಡನೆಯ ಅರ್ಧಕ್ಕೆ ಕೈಹಾಕಿದ. ಎಷ್ಟು ದಪ್ಪದ ತಂತಿ ಎಷ್ಟು ಕರೆಂಟಿಗೆ ಕರಗಿಹೋಗುತ್ತದೆ ಎಂಬುದು ಅವನ ಪ್ರಶ್ನೆ. ಫ್ಯೂಸು ಮಾಡಬೇಕಾದವರಿಗೆ ಅದು ಬೇಕಿತ್ತು. ತಂತಿಯಲ್ಲಿ ಹುಟ್ಟಿದ ಬಿಸಿಯೆಲ್ಲ ಅದರ ಮೈಯಿಂದ ಸುತ್ತಲಿನ ಗಾಳಿಗೆ ಹೋಗುತ್ತದೆ ಎಂದು ಹಿಡಿದರೆ ಲೆಕ್ಕ ಸುಲಭ. ತಂತಿ ದಪ್ಪವಾದಷ್ಟೂ ರೋಧ ಇಳಿಯುತ್ತದೆ, ಮೈಯ ವಿಸ್ತಾರ ಹೆಚ್ಚುತ್ತದೆ. ಎರಡನ್ನೂ ಕೂಡಿಸಿದರೆ ದಪ್ಪ ಎರಡರಷ್ಟಾದಾಗ ತಂತಿ ಸುಮಾರು 2.8 ಪಟ್ಟು ಕರೆಂಟ್ ತಾಳುತ್ತದೆ. ಪ್ರೀಸ್‌ನ ಹೆಸರಿನ ಆ ನಿಯಮವನ್ನು ಎಂಜಿನಿಯರುಗಳು ಇಂದಿಗೂ ನೆನೆಯುತ್ತಾರೆ.

ಗಾಳಿಯಲ್ಲಿ ತೂಗುವ ತಂತಿಗೆ ಇದು ಸರಿ. ಹಲಗೆಗೆ ಅಂಟಿಕೊಂಡ ಗೆರೆಯ ಕಥೆ ಬೇರೆ. ಅದಕ್ಕೆ ಬಿಸಿಯನ್ನು ಕಳೆದುಕೊಳ್ಳಲು ಎರಡು ದಾರಿ: ಮೇಲಿನ ಗಾಳಿ, ಕೆಳಗಿನ ಹಲಗೆ. ಯಾವ ದಾರಿಯಲ್ಲಿ ಎಷ್ಟು ಹೋಗುತ್ತದೆ ಎಂಬ ಪ್ರಶ್ನೆಯ ಸುತ್ತಲೇ ಮುಂದಿನ ಇತಿಹಾಸವೆಲ್ಲ ತಿರುಗುತ್ತದೆ.

ಹಲಗೆಯ ಮೇಲೆ ಅಚ್ಚು

ತಂತಿಗಳ ಗೋಜಲನ್ನು ಬಿಟ್ಟು ಸರ್ಕೀಟನ್ನೇ ಹಲಗೆಯ ಮೇಲೆ ಅಚ್ಚುಹಾಕುವ ವಿಚಾರಕ್ಕೆ ಹಲವು ಹಿರಿಯರಿದ್ದಾರೆ. ಅವರಲ್ಲಿ ಮುಖ್ಯನಾದವನು ಪಾಲ್ ಐಸ್ಲರ್. ವಿಯೆನ್ನಾದ ಯಹೂದಿ ಎಂಜಿನಿಯರ್. 1936ರಲ್ಲಿ ಇಂಗ್ಲೆಂಡಿಗೆ ಬಂದ. ಯುದ್ಧ ಶುರುವಾದ ಮೇಲೆ, ನಾಜಿಗಳಿಂದ ತಪ್ಪಿಸಿಕೊಂಡು ಬಂದ ಅವನನ್ನೇ ಶತ್ರು ದೇಶದವನೆಂದು ಬ್ರಿಟಿಷರು ಕೆಲಕಾಲ ಬಂಧನದಲ್ಲಿಟ್ಟಿದ್ದರು. ಹೊರಬಂದ ಮೇಲೆ ಒಂದು ಮುದ್ರಣ ಸಂಸ್ಥೆಯ ಆಸರೆಯಲ್ಲಿ ಕೆಲಸ ಮುಂದುವರಿಸಿ 1943ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಹಲಗೆಗೆ ತಾಮ್ರದ ಹಾಳೆ ಅಂಟಿಸಿ, ಬೇಕಾದ ಗೆರೆಗಳನ್ನು ಮುಚ್ಚಿಟ್ಟು, ಬೇಡದ ತಾಮ್ರವನ್ನು ಆಮ್ಲದಂಥ ದ್ರಾವಣದಲ್ಲಿ ಕರಗಿಸಿ ತೆಗೆಯುವುದು ಅವನ ವಿಧಾನ. ಇಂದಿನ ಬೋರ್ಡುಗಳೂ ಮೂಲತಃ ಹಾಗೆಯೇ ತಯಾರಾಗುತ್ತವೆ.

ಅತ್ತ ಅಮೆರಿಕದಲ್ಲಿ ಯುದ್ಧಕ್ಕಾಗಿ ಪ್ರಾಕ್ಸಿಮಿಟಿ ಫ್ಯೂಜ್ ಎಂಬ ಸಾಧನ ತಯಾರಾಗುತ್ತಿತ್ತು. ಗುರಿಗೆ ತಾಗದೆ, ಹತ್ತಿರ ಬಂದೊಡನೆ ರೇಡಿಯೋ ತರಂಗದಿಂದ ಗುರುತಿಸಿ ಸಿಡಿಯುವ ಮದ್ದುಗುಂಡು. ಅಷ್ಟು ಸಣ್ಣ ಜಾಗದಲ್ಲಿ ತಂತಿ ಹಾಸಿ ಬೆಸುಗೆ ಹಾಕುತ್ತ ಕೂರುವುದು ಸಾಧ್ಯವಿರಲಿಲ್ಲ. ಪಿಂಗಾಣಿಯ ಬಿಲ್ಲೆಗಳ ಮೇಲೆ ಬೆಳ್ಳಿಯ ಶಾಯಿಯಲ್ಲಿ ಸರ್ಕೀಟನ್ನು ಅಚ್ಚುಹಾಕಿದರು. ಈ ಕೆಲಸದಲ್ಲಿ ಮುಂದೆ ನಿಂತ ಸಂಸ್ಥೆಗಳಲ್ಲಿ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಒಂದು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅಚ್ಚಿನ ಸರ್ಕೀಟುಗಳ ತಂತ್ರಗಳನ್ನೆಲ್ಲ ಒಟ್ಟುಮಾಡಿದ ಪುಸ್ತಿಕೆಯೊಂದನ್ನೂ ಅದು ಹೊರತಂದಿತು. ಹೀಗಾಗಿ ಐವತ್ತರ ದಶಕದಲ್ಲಿ ನೌಕಾಪಡೆಗೆ ಈ ಹೊಸ ಹಲಗೆಗಳ ಬಗ್ಗೆ ಅನುಮಾನ ಬಂದಾಗ ಅದು ಕೇಳಿದ್ದು ಇದೇ ಮನೆಯನ್ನು.

ಅನುಮಾನ ಸಹಜವಾಗಿತ್ತು. ಅಲ್ಲಿಯವರೆಗೆ ಹಡಗಿನ ಸಲಕರಣೆಗಳಲ್ಲಿ ಇದ್ದದ್ದು ಬೆರಳಿಗೆ ಸಿಗುವ ತಂತಿ. ಈಗ ಬಂದದ್ದು ತಲೆಗೂದಲಿನ ಅರ್ಧದಷ್ಟು ದಪ್ಪದ ತಾಮ್ರ. ಈ ಉದ್ಯಮದಲ್ಲಿ ತಾಮ್ರದ ದಪ್ಪವನ್ನು ಔನ್ಸಿನಲ್ಲಿ ಹೇಳುವ ರೂಢಿ. ಒಂದು ಔನ್ಸ್ ತಾಮ್ರವನ್ನು ಒಂದು ಚದರ ಅಡಿಗೆ ಸಮನಾಗಿ ಹರಡಿದರೆ ಬರುವ ದಪ್ಪ ಸುಮಾರು 35 ಮೈಕ್ರಾನ್, ಅಂದರೆ ಮಿಲಿಮೀಟರಿನ ಮೂವತ್ತನೇ ಒಂದು ಭಾಗಕ್ಕೂ ತುಸು ಹೆಚ್ಚು. ಇದರಲ್ಲಿ ಆಂಪಿಯರುಗಟ್ಟಲೆ ಕರೆಂಟ್ ಹರಿಸಿದರೆ ಹಲಗೆ ಸುಟ್ಟೀತೇ, ಗೆರೆ ಎದ್ದು ಬಂದೀತೇ ಎಂದು ನೌಕಾಪಡೆ ಕೇಳಿತು.

ಹಾಯ್ನ್ಸ್ ಅವರ ಪ್ರಯೋಗದಲ್ಲಿ ಹಲಗೆಗಳು ಒಂದೇ ಬಗೆಯವಾಗಿರಲಿಲ್ಲ. ಫೀನಾಲಿಕ್ ಹಲಗೆಗಳಿದ್ದವು, ಎಪಾಕ್ಸಿ ಹಲಗೆಗಳಿದ್ದವು. ದಪ್ಪ ಬೇರೆ, ತಾಮ್ರದ ತೂಕ ಬೇರೆ. ಕೆಲವಕ್ಕೆ ಬೆನ್ನ ಕಡೆ ಇಡೀ ತಾಮ್ರದ ಹೊದಿಕೆ ಇತ್ತು, ಕೆಲವಕ್ಕೆ ಇರಲಿಲ್ಲ. ಈ ಎಲ್ಲ ಹಲಗೆಗಳ ಅಳತೆಗಳನ್ನು ಸೇರಿಸಿ ಒಂದೇ ಚಾರ್ಟಾಗಿ ಎಳೆದರು. ಎಂಜಿನಿಯರನಿಗೆ ಬೇಕಾದ್ದು ಒಂದು ಚಾರ್ಟ್, ಹತ್ತಲ್ಲ. ಎಳೆದವರಿಗೆ ತಾವು ಏನನ್ನು ಸೇರಿಸಿ ಎಳೆದಿದ್ದೇವೆ ಎಂಬುದು ಗೊತ್ತಿತ್ತು. ಆದ್ದರಿಂದಲೇ ಅದನ್ನು ಸದ್ಯದ್ದು ಎಂದು ಕರೆದರು.

ಬೂದಿ ಮುಚ್ಚಿದ ಕೆಂಡ

ಚಾರ್ಟು ಅಮೆರಿಕದ ಸೇನೆಯ ಮುದ್ರಿತ ಸರ್ಕೀಟುಗಳ ಮಾನದಂಡವಾದ ಮಿಲ್-ಸ್ಟ್ಯಾಂಡರ್ಡ್-275ರೊಳಗೆ ಸೇರಿತು. ಅದರ ಕೊನೆಯ ಪರಿಷ್ಕರಣೆ ಆದದ್ದು 1984ರಲ್ಲಿ. ಇನ್ನೊಂದು ಕಡೆ, 1957ರಲ್ಲಿ ಬೋರ್ಡು ತಯಾರಕರು ಸೇರಿ ಇನ್‌ಸ್ಟಿಟ್ಯೂಟ್ ಫಾರ್ ಪ್ರಿಂಟೆಡ್ ಸರ್ಕಿಟ್ಸ್ ಎಂಬ ಸಂಘ ಕಟ್ಟಿಕೊಂಡಿದ್ದರು. ಚಿಕ್ಕದಾಗಿ ಐಪಿಸಿ. ನಮಗೆ ಐಪಿಸಿ ಎಂದರೆ ದಂಡ ಸಂಹಿತೆ ನೆನಪಾಗುತ್ತದೆ. ಬೋರ್ಡು ಮಾಡುವವರಿಗೆ ಈ ಐಪಿಸಿಯ ಮಾತೂ ಕಾನೂನಿಗೆ ಕಡಿಮೆಯಿಲ್ಲ. ಸೇನೆಯ ಮಾನದಂಡದ ಚಾರ್ಟನ್ನು ಈ ಸಂಘ ತನ್ನ ಮಾನದಂಡಗಳಿಗೆ ಇಳಿಸಿಕೊಂಡಿತು. 1998ರ ಐಪಿಸಿ-2221ರಲ್ಲೂ ಅದು ಮುಂದುವರಿಯಿತು.

ಈ ನಡುವೆ ಬೋರ್ಡು ತಾನೇ ಬದಲಾಯಿತು. ಅರವತ್ತರ ದಶಕದಲ್ಲಿ ಪದರದ ಮೇಲೆ ಪದರ ಇಟ್ಟು ಒತ್ತಿದ ಬೋರ್ಡುಗಳು ಬಂದವು. ಈಗ ತಾಮ್ರದ ಗೆರೆಗಳು ಹೊರಮೈಯಲ್ಲಿ ಮಾತ್ರವಲ್ಲ, ಹಲಗೆಯ ಒಳಗೂ ಓಡತೊಡಗಿದವು. ಹೊರಗಿನ ಗೆರೆಗೆ ಚಾರ್ಟಿದೆ. ಒಳಗಿನದಕ್ಕೆ?

ಒಳಗಿನದಕ್ಕಾಗಿ ಯಾರೂ ಪ್ರಯೋಗ ಮಾಡಲಿಲ್ಲ. ಹೊರಗಿನ ಚಾರ್ಟಿನ ಕರೆಂಟನ್ನು ಅರ್ಧ ಮಾಡಿದರು. ಅಷ್ಟೇ. ಹೊರಗೆ 2 ಆಂಪಿಯರ್ ಎಂದಿದ್ದರೆ ಒಳಗೆ 1. ಮುಂದೆ ಚಾರ್ಟಿನ ವಕ್ರರೇಖೆಗಳಿಗೆ ಹೊಂದುವ ಸೂತ್ರ ಬಂದಾಗಲೂ ಇದೇ ಅರ್ಧ ಅದರಲ್ಲಿ ಕೂತಿತು. ಬಿಸಿಯ ಏರಿಕೆಯನ್ನು 0.44ರ ಘಾತಕ್ಕೆ, ಗೆರೆಯ ಅಡ್ಡಕೊಯ್ತದ ವಿಸ್ತೀರ್ಣವನ್ನು 0.725ರ ಘಾತಕ್ಕೆ ಏರಿಸಿ ಗುಣಿಸಿ, ಅದನ್ನು ಒಂದು ಸ್ಥಿರಾಂಕದಿಂದ ಗುಣಿಸಿದರೆ ಕರೆಂಟ್ ಸಿಗುತ್ತದೆ. ಹೊರಪದರಕ್ಕೆ ಆ ಸ್ಥಿರಾಂಕ 0.048. ಒಳಪದರಕ್ಕೆ 0.024. ಎರಡನೆಯದು ಮೊದಲನೆಯದರ ಅರ್ಧ ಎಂಬುದನ್ನು ಗಮನಿಸಲು ಹೆಚ್ಚು ಗಣಿತ ಬೇಡ. ಪ್ರಕೃತಿ ಇಷ್ಟು ಸರಿಯಾಗಿ ಅರ್ಧ ಮಾಡುವುದು ಅಪರೂಪ ಎಂಬ ಸಂಶಯ ಯಾರಿಗಾದರೂ ಬರಬಹುದಿತ್ತು.

ಅರ್ಧ ಮಾಡಿದವರು ಬೇಜವಾಬ್ದಾರಿಯಿಂದ ಮಾಡಲಿಲ್ಲ. ಅವರ ಊಹೆಗೆ ಲೋಕಾನುಭವದ ಬೆಂಬಲವಿತ್ತು. ಮುಚ್ಚಿಟ್ಟದ್ದು ಬಿಸಿಯಾಗಿ ಉಳಿಯುತ್ತದೆ, ತೆರೆದಿಟ್ಟದ್ದು ಆರುತ್ತದೆ. ಬೂದಿ ಮುಚ್ಚಿದ ಕೆಂಡ ಬೆಳಗಿನವರೆಗೂ ಕಾಯ್ದುಕೊಂಡಿರುತ್ತದೆ ಎಂಬುದು ಕಟ್ಟಿಗೆ ಒಲೆಯ ಮನೆಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಲಗೆಯೊಳಗೆ ಹುದುಗಿದ ಗೆರೆಗೆ ಗಾಳಿ ತಾಗುವುದಿಲ್ಲ. ಅದು ಹೆಚ್ಚು ಕಾಯಲೇಬೇಕು ಎಂದು ಯಾರಿಗಾದರೂ ಅನಿಸುತ್ತದೆ.

ಆದರೆ ಬೂದಿ ಕೆಂಡವನ್ನು ಕಾಯುವುದು ಯಾಕೆ? ಬೂದಿಯ ತುಂಬ ಗಾಳಿಯ ಸಣ್ಣ ಸಣ್ಣ ಗೂಡುಗಳಿವೆ, ಆ ಗೂಡುಗಳಲ್ಲಿ ಗಾಳಿ ಅಲುಗಾಡದೆ ನಿಂತಿದೆ. ಕಂಬಳಿಯ ಬೆಚ್ಚಗೂ ಹಾಗೇ. ನಿಂತ ಗಾಳಿಯಷ್ಟು ಬಿಸಿಯನ್ನು ತಡೆಯುವ ವಸ್ತು ಮನೆಯಲ್ಲಿ ಇನ್ನೊಂದು ಸಿಗುವುದು ಕಷ್ಟ. ಬೋರ್ಡಿನ ಹಲಗೆ ಬೂದಿಯ ಜಾತಿಯದಲ್ಲ. ಅದು ಗಾಜಿನ ನೂಲಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ನೆನೆಸಿ ಒತ್ತಿ ಗಟ್ಟಿ ಮಾಡಿದ್ದು. ತಾಮ್ರಕ್ಕೆ ಹೋಲಿಸಿದರೆ ಅದು ಬಿಸಿಯನ್ನು ಸಾಗಿಸುವುದರಲ್ಲಿ ಸಾವಿರ ಪಟ್ಟಿಗೂ ಹಿಂದೆ. ಆದರೆ ಗಾಳಿಗೆ ಹೋಲಿಸಿದರೆ ಹತ್ತು ಪಟ್ಟಿಗೂ ಮುಂದೆ. ಬಿಸಿ ಕಾಫಿಯ ಸ್ಟೀಲ್ ಲೋಟವನ್ನು ಕೈಯಲ್ಲಿ ಎತ್ತಿ ಹಿಡಿದಿದ್ದಕ್ಕಿಂತ ಕಡಪಾ ಕಲ್ಲಿನ ಮೇಲೆ ಇಟ್ಟಾಗ ತಳ ಬೇಗ ತಣ್ಣಗಾಗುತ್ತದೆ. ಒಳಪದರದ ಗೆರೆಗೆ ಮೇಲೂ ಕೆಳಗೂ ಇರುವುದು ಅಂಥ ಕಲ್ಲು.

ಲಕೋಟೆಯ ಹಿಂದೆ ಮುಗಿಯುವ ಲೆಕ್ಕ

ಇದನ್ನು ಅಂಕಿಗಳಲ್ಲಿ ನೋಡೋಣ. ಒಂದು ಮಿಲಿಮೀಟರ್ ಅಗಲ, 35 ಮೈಕ್ರಾನ್ ದಪ್ಪ, 10 ಸೆಂಟಿಮೀಟರ್ ಉದ್ದದ ಗೆರೆ ತೆಗೆದುಕೊಳ್ಳಿ. ಹಳೆಯ ಸೂತ್ರದ ಪ್ರಕಾರ ಅದು ಹೊರಮೈಯಲ್ಲಿದ್ದರೆ ಸುಮಾರು 2.4 ಆಂಪಿಯರಿಗೆ 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಆ ಗೆರೆಯ ರೋಧ ಸುಮಾರು 0.05 ಓಮ್. ಅದರಲ್ಲಿ ಹುಟ್ಟುವ ಬಿಸಿ ಸುಮಾರು 0.28 ವ್ಯಾಟ್.

ಇನ್ನು ಇದರಲ್ಲಿ ಗೆರೆಯ ಮೇಲ್ಮೈಯಿಂದ ನೇರ ಗಾಳಿಗೆ ಎಷ್ಟು ಹೋಗಬಹುದು? ಫ್ಯಾನಿಲ್ಲದ ಸಾಧಾರಣ ಗಾಳಿಯಲ್ಲಿ ಒಂದು ಚದರ ಮೀಟರ್ ಮೈ, ಒಂದು ಡಿಗ್ರಿ ಅಂತರಕ್ಕೆ, ಸುಮಾರು 10 ವ್ಯಾಟ್ ಬಿಟ್ಟುಕೊಡುತ್ತದೆ. ನಮ್ಮ ಗೆರೆಯ ಮೈ ಚದರ ಮೀಟರಿನ ಹತ್ತುಸಾವಿರದ ಒಂದು ಭಾಗ. 10 ಡಿಗ್ರಿ ಅಂತರಕ್ಕೆ ಅದು ಬಿಡುವುದು 0.01 ವ್ಯಾಟ್. ಉದಾರವಾಗಿ ಮೂರು ಪಟ್ಟು ಹಿಡಿದರೂ 0.03. ಹುಟ್ಟಿದ 0.28 ವ್ಯಾಟಿನಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಗಾಳಿಗೆ ನೇರ ಹೋಯಿತು. ಉಳಿದ ಒಂಬತ್ತು ಪಾಲು? ಹಲಗೆಯೊಳಗೆ ಇಳಿಯಿತು. ಹಲಗೆ ಅದನ್ನು ತನ್ನ ಅಗಲಕ್ಕೂ ಹರಡಿಕೊಂಡು, ತನ್ನ ಎರಡೂ ಮುಖಗಳಿಂದ ನಿಧಾನಕ್ಕೆ ಗಾಳಿಗೆ ಬಿಟ್ಟಿತು.

ಅಂದರೆ ಹೊರಮೈಯ ಗೆರೆಯನ್ನೂ ತಣ್ಣಗಿಡುತ್ತಿದ್ದದ್ದು ಮುಖ್ಯವಾಗಿ ಹಲಗೆಯೇ. ಗಾಳಿಯ ಪಾಲು ಇಷ್ಟು ಸಣ್ಣದಾಗಿರುವಾಗ ಅದನ್ನು ಕಳೆದುಕೊಂಡ ಒಳಗಿನ ಗೆರೆಗೆ ಭಾರೀ ನಷ್ಟವೇನೂ ಆಗದು. ಮೇಲಾಗಿ ಅದಕ್ಕೆ ಹಲಗೆಯ ಸ್ಪರ್ಶ ಒಂದು ಕಡೆಯ ಬದಲು ಎರಡೂ ಕಡೆ ಸಿಗುತ್ತದೆ.

ಈ ಲೆಕ್ಕಕ್ಕೆ ಕಂಪ್ಯೂಟರು ಬೇಡ, ಲಕೋಟೆಯ ಹಿಂಬದಿ ಸಾಕು. ಇದು ಸತ್ಯವನ್ನು ಸಿದ್ಧಪಡಿಸುವುದಿಲ್ಲ, ಆದರೆ ‘ಅರ್ಧ’ ಎಂಬ ಅಂಕಿಯನ್ನು ಒಮ್ಮೆ ಅಳೆದು ನೋಡೋಣ ಎನ್ನುವಷ್ಟು ಅನುಮಾನ ಹುಟ್ಟಿಸಲು ಧಾರಾಳ ಸಾಕು.

ಅರ್ಧ ಎಂಬುದು ಸಣ್ಣ ತಿದ್ದುಪಡಿ ಎಂದು ತೋರುತ್ತದೆ. ಹಾಗಲ್ಲ. ಅದೇ ಸೂತ್ರವನ್ನು ತಿರುಗಿಸಿ ನೋಡಿ. ಹೊರಗೆ 10 ಡಿಗ್ರಿ ಏರಿಸುವ ಕರೆಂಟ್ ಒಳಗೆ ಎಷ್ಟು ಏರಿಸುತ್ತದೆ ಎಂದು ಕೇಳಿದರೆ ಸೂತ್ರ ಹೇಳುವುದು ಸುಮಾರು 48 ಡಿಗ್ರಿ. ಐದು ಪಟ್ಟಿಗೆ ಹತ್ತಿರ. ಆ 10 ಡಿಗ್ರಿಯ ಮಿತಿಯೊಳಗೇ ಇರಬೇಕು, ಕರೆಂಟೂ ಅಷ್ಟೇ ಇರಬೇಕು ಎಂದರೆ ಒಳಗಿನ ಗೆರೆಯನ್ನು 2.6 ಪಟ್ಟು ಅಗಲ ಮಾಡಬೇಕು. ಒಂದು ಮಿಲಿಮೀಟರಿನ ಜಾಗದಲ್ಲಿ 2.6 ಮಿಲಿಮೀಟರ್. ಗೆರೆಗಳು ಒತ್ತೊತ್ತಾಗಿ ಓಡುವ ಬೋರ್ಡಿನಲ್ಲಿ ಇಷ್ಟು ಜಾಗ ಸಿಗದಿದ್ದರೆ ಬೋರ್ಡನ್ನು ದೊಡ್ಡದು ಮಾಡಬೇಕು, ಇಲ್ಲವೇ ಇನ್ನೊಂದು ಪದರ ಸೇರಿಸಬೇಕು, ಇಲ್ಲವೇ ದಪ್ಪ ತಾಮ್ರ ಹಾಕಬೇಕು. ಮೂರಕ್ಕೂ ದುಡ್ಡು ಬೇಕು, ಮೂರರಿಂದಲೂ ತೂಕ ಏರುತ್ತದೆ.

ಸುಡದ ತಪ್ಪು

ಹಾಗಾದರೆ ಅರ್ಧ ಶತಮಾನ ಯಾರೂ ಯಾಕೆ ಅಳೆಯಲಿಲ್ಲ? ಎಂಜಿನಿಯರುಗಳು ಸೋಮಾರಿಗಳೆಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ತಪ್ಪು ಯಾವ ದಿಕ್ಕಿನಲ್ಲಿತ್ತು ಎಂಬುದನ್ನು ನೋಡಬೇಕು.

ಗೆರೆ ಬೇಕಾದ್ದಕ್ಕಿಂತ ಸಣ್ಣದಾದರೆ ಬೋರ್ಡು ಕಪ್ಪಾಗುತ್ತದೆ, ವಾಸನೆ ಬರುತ್ತದೆ, ಗಿರಾಕಿ ವಾಪಸು ಕಳಿಸುತ್ತಾನೆ. ಮೇಜಿನ ಮೇಲೆ ಸುಟ್ಟ ಬೋರ್ಡು ಬಂದು ಕೂತರೆ ಚರ್ಚೆ ಶುರುವಾಗುತ್ತದೆ. ಗೆರೆ ಬೇಕಾದ್ದಕ್ಕಿಂತ ಅಗಲವಾದರೆ ಏನೂ ಆಗುವುದಿಲ್ಲ. ಬೋರ್ಡು ಚೆನ್ನಾಗಿ ಕೆಲಸ ಮಾಡುತ್ತದೆ. ಅನಗತ್ಯವಾಗಿ ಅಗಲವಾದ ಗೆರೆಯ ಬಗ್ಗೆ ದೂರು ಬರೆದ ಗಿರಾಕಿ ಎಲ್ಲೂ ಇರಲಿಕ್ಕಿಲ್ಲ. ಸುರಕ್ಷಿತ ದಿಕ್ಕಿನ ತಪ್ಪಿಗೆ ಸಾಕ್ಷಿಯೇ ಇರುವುದಿಲ್ಲ. ಅದರ ಬೆಲೆಯನ್ನು ಎಲ್ಲರೂ ಸ್ವಲ್ಪ ಸ್ವಲ್ಪವಾಗಿ, ಹೆಸರಿಲ್ಲದ ತೆರಿಗೆಯಂತೆ ಕಟ್ಟುತ್ತಾ ಹೋಗುತ್ತಾರೆ. ವರ್ಷ ಕಳೆದಂತೆ ಚಾರ್ಟಿಗೆ ಇನ್ನೊಂದು ಬಲ ಸೇರುತ್ತದೆ: ಇಷ್ಟು ವರ್ಷ ಇದನ್ನು ನಂಬಿ ಮಾಡಿದ ಬೋರ್ಡುಗಳು ಸುಡಲಿಲ್ಲವಲ್ಲ, ಅಂದಮೇಲೆ ಚಾರ್ಟು ಸರಿಯೇ ಇರಬೇಕು. ಆ ವಾದದಲ್ಲಿ ಸಾಬೀತಾಗಿರುವುದು ಬೋರ್ಡು ಸುಡಲಿಲ್ಲ ಎಂಬುದಷ್ಟೇ.

ಇದರ ಜೊತೆಗೆ ದಶಮಾಂಶದ ಮಾಯೆಯೂ ಸೇರಿತು. ಕಾಗದದ ಚಾರ್ಟನ್ನು ನೋಡುವಾಗ ಗೆರೆಯ ದಪ್ಪ, ಕಣ್ಣಳತೆಯ ಅಂದಾಜು ಇವೆಲ್ಲ ಕಾಣುತ್ತವೆ. ಇದು ಅಂದಾಜು ಎಂದು ಚಾರ್ಟೇ ನೆನಪಿಸುತ್ತದೆ. ಅದೇ 0.725 ಎಂಬ ಘಾತವಾಗಿ ಸೂತ್ರದೊಳಗೆ ಹೊಕ್ಕಾಗ, ಕ್ಯಾಲ್ಕ್ಯುಲೇಟರು 2.38 ಆಂಪಿಯರ್ ಎಂದು ಉತ್ತರ ಕೊಟ್ಟಾಗ, ಅದು ನಿಸರ್ಗದ ನಿಯಮದ ಹಾಗೆ ಕಾಣತೊಡಗುತ್ತದೆ. ‘ಸದ್ಯಕ್ಕೆ’ ಎಂಬ ಪದಕ್ಕೆ ಸೂತ್ರದಲ್ಲಿ ಜಾಗವಿಲ್ಲ.

ಗಾಳಿಯಿಲ್ಲದ ಕಡೆ

ಚಾರ್ಟನ್ನು ಮರುಪರೀಕ್ಷೆಗೆ ಎಳೆದ ಪ್ರಶ್ನೆಗಳಲ್ಲಿ ಒಂದು ಬಾಹ್ಯಾಕಾಶದ್ದು. ಉಪಗ್ರಹದೊಳಗಿನ ಬೋರ್ಡಿನ ಸುತ್ತ ಗಾಳಿಯಿಲ್ಲ. ಬಿಸಿ ಹೊರಹೋಗಬೇಕಾದರೆ ಬೋರ್ಡನ್ನು ಹಿಡಿದಿರುವ ಚೌಕಟ್ಟಿನ ಮೂಲಕ ಹರಿದು ಹೋಗಬೇಕು, ಇಲ್ಲವೇ ವಿಕಿರಣವಾಗಿ ಹೋಗಬೇಕು. ಗಾಳಿಯಲ್ಲಿ ಅಳೆದು ಮಾಡಿದ ಚಾರ್ಟು ಅಲ್ಲಿ ಏನು ಹೇಳೀತು? ಅಲ್ಲಿ ತಪ್ಪಿದರೆ ರಿಪೇರಿಗೆ ಹೋಗಿಬರಲು ದಾರಿಯಿಲ್ಲ. ಹಾಗೆಂದು ಸುರಕ್ಷಿತವಾಗಿರಲಿ ಎಂದು ಬೇಕಾಬಿಟ್ಟಿ ತಾಮ್ರ ತುಂಬುವಂತೆಯೂ ಇಲ್ಲ, ಪ್ರತಿ ಗ್ರಾಮಿಗೂ ಲೆಕ್ಕವಿದೆ. ಎರಡೂ ದಿಕ್ಕಿನ ತಪ್ಪಿಗೆ ದಂಡ ಬೀಳುವ ಜಾಗ ಅದು. ಅಂಥ ಕಡೆ ಮಾತ್ರ ಹಳೆಯ ಅಂಕಿಯೊಂದು ನಿಜವಾದ ಪರೀಕ್ಷೆಗೆ ನಿಲ್ಲುತ್ತದೆ.

ಐಪಿಸಿಯಲ್ಲಿ ಈ ಕೆಲಸಕ್ಕಾಗಿಯೇ ಒಂದು ತಂಡ ಕೂತಿತು. ಅದರ ಮುಂದಾಳು ಮೈಕ್ ಜೂಪಿ ಎಂಬ ಉಷ್ಣ ಎಂಜಿನಿಯರ್. ಚಾರ್ಟಿನ ಬೇರು ಹುಡುಕುತ್ತ ಹಿಂದೆ ಹಿಂದೆ ಹೋದಾಗ 1956ರ ವರದಿಯೂ, ಅದರಲ್ಲಿದ್ದ ‘ಟೆಂಟೆಟಿವ್’ ಎಂಬ ಪದವೂ, ಒಳಪದರದ ಚಾರ್ಟು ಅಳೆದದ್ದಲ್ಲ ಅರ್ಧ ಮಾಡಿದ್ದು ಎಂಬ ಸಂಗತಿಯೂ ಎದುರಾದವು.

ಹೊಸ ಪ್ರಯೋಗಗಳು ಗಾಳಿಯಲ್ಲೂ ನಿರ್ವಾತದಲ್ಲೂ ನಡೆದವು. ಹಲಗೆಯೊಳಗೆ ಹೂತ ಕೂದಲಿನಂಥ ಗೆರೆಯ ಬಿಸಿಯನ್ನು ಅಳೆಯುವುದು ಹೇಗೆ? ಥರ್ಮಾಮೀಟರು ತೂರಿಸಲು ಜಾಗವಿಲ್ಲ. ತೂರಿಸಿದರೆ ಅದೇ ಬಿಸಿಯನ್ನು ಎಳೆದುಕೊಂಡು ಅಳತೆ ಕೆಡಿಸುತ್ತದೆ. ಉಪಾಯ ತಾಮ್ರದಲ್ಲೇ ಇದೆ. ಒಂದು ಡಿಗ್ರಿ ಬಿಸಿಯಾದರೆ ತಾಮ್ರದ ರೋಧ ಸುಮಾರು ನೂರಕ್ಕೆ 0.39ರಷ್ಟು ಏರುತ್ತದೆ. ತಣ್ಣಗಿದ್ದಾಗಿನ ರೋಧವನ್ನು ಮೊದಲು ಅಳೆದಿಟ್ಟು, ಕರೆಂಟ್ ಹರಿಸಿ, ರೋಧ ನೂರಕ್ಕೆ 3.9ರಷ್ಟು ಏರಿದರೆ ಗೆರೆ 10 ಡಿಗ್ರಿ ಕಾದಿದೆ ಎಂದರ್ಥ. ಗೆರೆಯೇ ತನ್ನ ಜ್ವರವನ್ನು ತಾನೇ ಹೇಳುತ್ತದೆ.

ಫಲಿತಾಂಶ ಎರಡು ಅಲಗಿನದು. ಒಳಪದರದ ಗೆರೆಗಳು ಹೊರಗಿನವಕ್ಕಿಂತ ಹೆಚ್ಚು ಕಾಯಲಿಲ್ಲ. ಹೆಚ್ಚುಕಡಿಮೆ ಅಷ್ಟೇ, ಅಥವಾ ಅದಕ್ಕಿಂತ ತುಸು ತಣ್ಣಗೆ ಇದ್ದವು. ಅರ್ಧ ಮಾಡಲು ಭೌತಶಾಸ್ತ್ರದಲ್ಲಿ ಕಾರಣವಿರಲಿಲ್ಲ.

ಇನ್ನೊಂದು ಅಲಗು ಅಷ್ಟು ಹಿತವಾಗಿರಲಿಲ್ಲ. ಹೊರಪದರದ ಹಳೆಯ ಚಾರ್ಟು ಕೆಲವು ಬೋರ್ಡುಗಳಿಗೆ ಸುರಕ್ಷಿತವೇ ಆಗಿರಲಿಲ್ಲ. ಅದನ್ನು ಎಳೆಯುವಾಗ ಬೆನ್ನಿಗೆ ತಾಮ್ರದ ಹೊದಿಕೆಯಿದ್ದ ಹಲಗೆಗಳ ಅಳತೆಗಳೂ ಬೆರೆತಿದ್ದವು ಎಂದೆನಲ್ಲ. ತಾಮ್ರದ ಹೊದಿಕೆ ಬಿಸಿಯನ್ನು ಸರಾಗವಾಗಿ ಹರಡುತ್ತದೆ, ಗೆರೆ ತಣ್ಣಗಿರುತ್ತದೆ. ಅಂಥ ಹೊದಿಕೆಯಿಲ್ಲದ ಬೋರ್ಡಿನ ಗೆರೆ ಚಾರ್ಟು ಹೇಳಿದ್ದಕ್ಕಿಂತ ಹೆಚ್ಚು ಕಾಯುತ್ತಿತ್ತು. ಎಲ್ಲರೂ ಅತಿ ಎಚ್ಚರಿಕೆ ಎಂದುಕೊಂಡಿದ್ದ ಚಾರ್ಟು ಒಂದು ಕಡೆ ಅತಿ ಎಚ್ಚರಿಕೆಯದ್ದಾಗಿತ್ತು, ಇನ್ನೊಂದು ಕಡೆ ಸಾಲದ ಎಚ್ಚರಿಕೆಯದ್ದಾಗಿತ್ತು. ಯಾವುದು ಎಲ್ಲಿ ಎಂಬುದು ಅಂಕಿಗಳನ್ನು ನೋಡಿ ತಿಳಿಯುವಂತಿರಲಿಲ್ಲ.

2009ರ ಆಗಸ್ಟಿನಲ್ಲಿ ಐಪಿಸಿ-2152 ಪ್ರಕಟವಾಯಿತು. ಇದು ಒಳಗೆ, ಹೊರಗೆ ಎಂಬ ಸರಳ ವಿಂಗಡಣೆಯನ್ನು ಬಿಟ್ಟಿತು. ಹೊದಿಕೆಯಿಲ್ಲದ ಸಾಧಾರಣ ಹಲಗೆಗೆ ಒಂದು ಮೂಲ ಚಾರ್ಟ್ ಕೊಟ್ಟಿತು. ಅದು ಹೊರಪದರದ ಹಳೆಯ ಚಾರ್ಟಿಗಿಂತ ಬಿಗಿ. ಆಮೇಲೆ ನಿಮ್ಮ ಬೋರ್ಡಿನ ಬಗ್ಗೆ ಪ್ರಶ್ನೆಗಳನ್ನು ಕೇಳುತ್ತದೆ. ಹಲಗೆ ಎಷ್ಟು ದಪ್ಪ? ಯಾವ ವಸ್ತು? ಹತ್ತಿರದಲ್ಲಿ ತಾಮ್ರದ ಪೂರ್ಣ ಪದರ ಇದೆಯೇ, ಇದ್ದರೆ ಎಷ್ಟು ದೂರ? ಸುತ್ತ ಗಾಳಿ ಇದೆಯೇ, ನಿರ್ವಾತವೇ? ಉತ್ತರಕ್ಕೆ ತಕ್ಕಂತೆ ಮೂಲ ಅಂಕಿಯನ್ನು ತಿದ್ದಿಕೊಳ್ಳಬೇಕು. ಇವುಗಳಲ್ಲಿ ಹತ್ತಿರದ ತಾಮ್ರದ ಪದರದ ಪ್ರಭಾವ ಬಹಳ ದೊಡ್ಡದು. ಇಂದಿನ ಪದರಬೋರ್ಡುಗಳಲ್ಲಿ ಅಂಥ ಪದರ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎಷ್ಟೋ ಗೆರೆಗಳನ್ನು ಧೈರ್ಯವಾಗಿ ಸಣ್ಣದು ಮಾಡಬಹುದು.

ಹೊಸ ಮಾನದಂಡವೂ ಎಲ್ಲವನ್ನೂ ಹೇಳುವುದಿಲ್ಲ. ಪಕ್ಕದ ಚಿಪ್ಪು ತಾನೇ ಕಾದು ಹಲಗೆಯನ್ನು ಬಿಸಿ ಮಾಡಿದ್ದರೆ ಗೆರೆಯ ಏರಿಕೆ ಆ ಬಿಸಿಯ ಮೇಲೆ ಸೇರುತ್ತದೆ. ಅಕ್ಕಪಕ್ಕದಲ್ಲಿ ನಾಲ್ಕು ಗೆರೆ ಒಟ್ಟಿಗೆ ಕಾದರೆ ಒಂದರ ಬಿಸಿ ಇನ್ನೊಂದಕ್ಕೆ ತಾಗುತ್ತದೆ. ಅಂಥ ಕಡೆ ಕಂಪ್ಯೂಟರಿನಲ್ಲಿ ಇಡೀ ಬೋರ್ಡಿನ ಉಷ್ಣ ಹರಿವನ್ನು ಲೆಕ್ಕ ಹಾಕಿಸುವುದು ಈಗ ಸಾಧ್ಯ. ಕೊನೆಗೆ ಒಂದು ಬೋರ್ಡು ಮಾಡಿ ಅಳೆದು ನೋಡುವುದು ಎಲ್ಲಕ್ಕಿಂತ ಭದ್ರ.

ಪದ ಉಳಿಸಿಕೊಳ್ಳುವ ಕೆಲಸ

ಹೊಸ ಮಾನದಂಡ ಬಂತೆಂದು ಹಳೆಯದು ಹೋಗಲಿಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ಉಚಿತ ಕ್ಯಾಲ್ಕ್ಯುಲೇಟರುಗಳಲ್ಲಿ ಹಲವು ಇಂದಿಗೂ 0.048, 0.024ರ ಹಳೆಯ ಸೂತ್ರವನ್ನೇ ಹೊತ್ತಿವೆ. ಅದಕ್ಕೆ ಕಾರಣವೂ ಇದೆ. ಹಳೆಯದು ಒಂದು ಸಾಲಿನ ಸೂತ್ರ, ಹೊಸದು ಪ್ರಶ್ನೆಗಳ ಸರಮಾಲೆ. ಅವಸರದ ದಿನ ಯಾರಿಗಾದರೂ ಒಂದು ಸಾಲೇ ಪ್ರಿಯ. ಸಣ್ಣ ಕರೆಂಟಿನ ಸಾಮಾನ್ಯ ಕೆಲಸಕ್ಕೆ ಅದರಿಂದ ಕೇಡೇನೂ ಆಗುವುದಿಲ್ಲ. ಬ್ಯಾಟರಿ, ಮೋಟಾರು, ಚಾರ್ಜರುಗಳ ದೊಡ್ಡ ಕರೆಂಟು ಸಣ್ಣ ಬೋರ್ಡಿನಲ್ಲಿ ಹರಿಯುವ ಕಡೆ ಮಾತ್ರ ಈ ಅಂಕಿ ಎಲ್ಲಿಂದ ಬಂತು ಎಂದು ಕೇಳದೆ ಮುಂದೆ ಹೋಗಬಾರದು.

ಈ ಕಥೆಯಲ್ಲಿ ಖಳನಾಯಕರಿಲ್ಲ. ಹಾಯ್ನ್ಸ್ ತಮ್ಮ ಮಿತಿಯನ್ನು ಬರೆದೇ ಕೊಟ್ಟಿದ್ದರು. ಸೇನೆಗೆ ಅಂದು ಒಂದು ಚಾರ್ಟ್ ಬೇಕೇಬೇಕಿತ್ತು, ಸಿಕ್ಕಿದ್ದನ್ನು ಬಳಸಿತು. ಅರ್ಧ ಮಾಡಿದವರು ಗೊತ್ತಿಲ್ಲದ ಕಡೆ ಜಾಗ್ರತೆ ವಹಿಸಿದರು. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಸರಿಯಾದುದನ್ನೇ ಮಾಡಿದರು. ತಪ್ಪಿದ್ದು ಕೈಯಿಂದ ಕೈಗೆ ದಾಟಿಸುವಲ್ಲಿ. ಅಂಕಿಯನ್ನು ದಾಟಿಸಿದವರು ಅದರ ಜಾತಕವನ್ನು ದಾಟಿಸಲಿಲ್ಲ: ಯಾರು ಅಳೆದರು, ಯಾವ ಹಲಗೆಯ ಮೇಲೆ, ಎಷ್ಟು ಅಳೆದದ್ದು, ಎಷ್ಟು ಊಹಿಸಿದ್ದು. 1956ರಲ್ಲಿ ಆ ಜಾತಕ ಒಂದೇ ಪದದಷ್ಟು ಚಿಕ್ಕದಾಗಿತ್ತು. ಆ ಒಂದು ಪದವನ್ನು ಚಾರ್ಟಿನ ತಲೆಯ ಮೇಲೆ ಹಾಗೇ ಬಿಟ್ಟಿದ್ದರೆ, ನೋಡಿದವರಲ್ಲಿ ಯಾರಾದರೊಬ್ಬರು ಎಂದಾದರೂ ಒಮ್ಮೆ, ಇನ್ನೂ ಸದ್ಯಕ್ಕೇ ಇದೆಯೇ ಎಂದು ಕೇಳುತ್ತಿದ್ದರು.